ಕಾರ್ಮಿಕ ಕಲ್ಯಾಣದ ವಿದ್ಯೆಗೆ ಅಡಿಗಲ್ಲಿಟ್ಟ ಸೀಬೋಮ್ ರೌಂಟ್ರಿ

ವೈದ್ಯನಾಗಬೇಕೆನ್ನುವವನು ವೈದ್ಯಶಾಸ್ತ್ರವನ್ನು ಓದಿ ವೈದ್ಯರ ಮಂಡಲಿಯಲ್ಲಿ ತನ್ನ ಹೆಸರನ್ನು ನೋಂದಾಯಿಸಬೇಕು. ವಕೀಲನಾಗಬೇಕೆನ್ನುವವನು ನ್ಯಾಯಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರ ಪರಿಷತ್ತಿನಿಂದ ಸನ್ನದನ್ನು ಪಡೆಯಬೇಕು. ಲೆಕ್ಕ ಪರಿಶೋಧಕರಿಗೂ ಅವರದೇ ಆದ ಸಂಸ್ಥೆಯುಂಟು. ಆದರೆ ಸಾವಿರ ಜನ ದುಡಿಯುವ ಒಂದು ಕಾರ್ಖಾನೆಯಲ್ಲಿ ಕೆಲಸಗಾರರನ್ನು ಆರಿಸುವ, ಅವರ ಹಾಜರಿ ಪಗಾರಗಳನ್ನು ನೋಡಿಕೊಳ್ಳುವ, ಅವರ ಅಹವಾಲುಗಳನ್ನು ಕೇಳುವ, ಕೆಲವೊಮ್ಮೆ ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರಿಗೆ ಯಾವ ವಿದ್ಯೆ ಬೇಕು? ಆ ವಿದ್ಯೆಯುಂಟೆಂದು ಪ್ರಮಾಣಪತ್ರ ಕೊಡುವವರು ಯಾರು? ಆ ಪತ್ರ ಹೊತ್ತವನು ನಿಷ್ಠನಾಗಿರಬೇಕಾದುದು ಯಾರಿಗೆ, ಸಂಬಳ ಕೊಡುವ ಮಾಲೀಕನಿಗೋ, ಎದುರಿಗೆ ನಿಂತ ಕೆಲಸಗಾರನಿಗೋ?

ಈ ಪ್ರಶ್ನೆ ನಮ್ಮ ಅರಕೇರಾದಂತಹ ಊರಿನ ವಿದ್ಯಾರ್ಥಿಗಳಿಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ. ಬಿ.ಎ. ಮುಗಿಸಿದ ಮೇಲೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನೋ ಸಿಬ್ಬಂದಿ ನಿರ್ವಹಣೆಯ ಡಿಪ್ಲೊಮಾವನ್ನೋ ಪಡೆಯಬೇಕೆಂದು ನಮ್ಮಲ್ಲಿ ಕೆಲವರು ಆಲೋಚಿಸುವುದುಂಟು. ಇಂದು ಆ ವಿದ್ಯೆಗೆ ಮಾನವ ಸಂಪನ್ಮೂಲವೆಂಬ ಹೆಸರು ಬಂದಿದೆ. ಆದರೆ ಆ ಅಧಿಕಾರಿಯ ಮೇಜಿನ ಆಚೆಗೆ ಕುಳಿತುಕೊಳ್ಳುವವರಿಗಿಂತ ಈಚೆಗೆ ನಿಲ್ಲುವವರೇ ನಮ್ಮ ಸೀಮೆಯಲ್ಲಿ ಹೆಚ್ಚು. ಮಳೆ ತಪ್ಪಿದ ವರ್ಷ ಮಕ್ಕಳುಮರಿಗಳೊಡನೆ ಗುಳೆ ಹೊರಡುವವರು, ಗಣಿ ಗಿರಣಿಗಳಲ್ಲಿ ಕೂಲಿಗೆ ನಿಲ್ಲುವವರು ನಮ್ಮ ಮನೆಯವರೇ ಆಗಿದ್ದಾರೆ. ಆದುದರಿಂದ ಈ ವಿದ್ಯೆ ಎಲ್ಲಿ ಹುಟ್ಟಿತು, ಯಾವ ಉದ್ದೇಶದಿಂದ ಹುಟ್ಟಿತು ಎಂಬುದನ್ನು ಅರಿಯುವುದು ಎರಡು ಕಡೆಯವರಿಗೂ ಅಗತ್ಯ. ಅದನ್ನರಿಯಲು ಇಂಗ್ಲೆಂಡಿನ ಯಾರ್ಕ್ ನಗರದ ಒಬ್ಬ ಚಾಕೊಲೇಟು ತಯಾರಕರ ಜೀವನವನ್ನು ನೋಡಬೇಕಾಗುತ್ತದೆ. ಅವರೇ ಬೆಂಜಮಿನ್ ಸೀಬೋಮ್ ರೌಂಟ್ರಿಯವರು.

ರೌಂಟ್ರಿಯವರು 1871ನೆಯ ಇಸವಿ ಜುಲೈ 7ರಂದು ಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಜೋಸೆಫ್ ರೌಂಟ್ರಿ. ತಾಯಿಯ ತವರುಮನೆಯ ಹೆಸರೇ ಸೀಬೋಮ್. ಮನೆತನದ ಮೊದಲ ಕಸುಬು ಕಿರಾಣಿ ವ್ಯಾಪಾರ. ಜೋಸೆಫರ ತಮ್ಮನು ಒಂದು ಸಣ್ಣ ಕೋಕೋ ಕಾರ್ಖಾನೆಯನ್ನು ಕೊಂಡು ನಷ್ಟದಲ್ಲಿದ್ದಾಗ, 1869ರಲ್ಲಿ ಜೋಸೆಫರು ಅಂಗಡಿಯನ್ನು ಬಿಟ್ಟು ತಮ್ಮನ ನೆರವಿಗೆ ಹೋದರು. ಬೆರಳೆಣಿಕೆಯ ಆಳುಗಳಿಂದ ಮೊದಲಾದ ಆ ಉದ್ಯಮವು ಒಂದು ತಲೆಮಾರಿನೊಳಗೆ ಸಾವಿರಾರು ಜನರಿಗೆ ಅನ್ನ ಕೊಡುವ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು.

ಈ ಮನೆತನದವರು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆಯೆಂದೂ, ಆ ಕಾರಣದಿಂದ ಮನುಷ್ಯರಲ್ಲಿ ಮೇಲುಕೀಳಿಲ್ಲವೆಂದೂ ನಂಬುವ ಪಂಥವದು. ಆಡಂಬರವಿಲ್ಲದ ಬಾಳು, ವ್ಯಾಪಾರದಲ್ಲಿ ಪ್ರಾಮಾಣಿಕತೆ, ಯುದ್ಧಕ್ಕೆ ವಿರೋಧ ಇವು ಅವರ ನಡಾವಳಿ. ನಮ್ಮ ನಾಡಿನ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದೇ ನೊಗಕ್ಕೆ ಕಟ್ಟಿದುದನ್ನು ಬಲ್ಲ ನಮಗೆ ಈ ಮನೋಧರ್ಮವು ತೀರ ಅಪರಿಚಿತವೆನಿಸದು. ಬಾಲಕ ಸೀಬೋಮರು ಇಂತಹ ಮನೆಯಲ್ಲಿ ಬೆಳೆದರು.

ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದ ಸೀಬೋಮರು 1889ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ, ತಂದೆಯ ಕಾರ್ಖಾನೆಗೆ ಸೇರಿದರು. ಪ್ರಯೋಗಾಲಯದಲ್ಲಿ ತೂಕ ಅಳತೆಗಳ ನಡುವೆ ಕೆಲಸ ಮಾಡುವುದು ಅವರ ಮೊದಲ ವೃತ್ತಿ. ತೂಗಿ ನೋಡದೆ ಯಾವುದನ್ನೂ ನಂಬಬಾರದೆಂಬ ಈ ಅಭ್ಯಾಸವು ಮುಂದೆ ಅವರಿಗೆ ಬಹಳ ಉಪಯೋಗಕ್ಕೆ ಬಂದಿತು. ಭಾನುವಾರಗಳಲ್ಲಿ ಅವರು ವಯಸ್ಕರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕೂಲಿಕಾರರೊಡನೆ ಕುಳಿತು ಮಾತನಾಡುವ, ಅವರ ಮನೆಗಳಿಗೆ ಹೋಗಿಬರುವ ಅವಕಾಶವು ಅಲ್ಲಿ ಒದಗಿತು. 1897ರಲ್ಲಿ ಉದ್ಯಮವು ನಿಯಮಿತ ಕಂಪನಿಯಾದಾಗ ಅವರು ನಿರ್ದೇಶಕರಾದರು. ಕಾರ್ಮಿಕರ ವಿಷಯವೆಲ್ಲವೂ ಅವರ ಪಾಲಿಗೆ ಬಂದಿತು.

ಆ ಕಾಲದಲ್ಲಿ ಚಾರ್ಲ್ಸ್ ಬೂತ್ ಎಂಬುವರು ಲಂಡನ್ ಮಹಾನಗರದಲ್ಲಿ ದೀರ್ಘಕಾಲ ಸಮೀಕ್ಷೆ ನಡೆಸಿ, ಅಲ್ಲಿನ ಜನರಲ್ಲಿ ನೂರಕ್ಕೆ 30.7 ಮಂದಿ ಬಡತನದಲ್ಲಿದ್ದಾರೆಂದು ತೋರಿಸಿದ್ದರು. ಅದು ಲಂಡನ್ನಿನ ವಿಶೇಷವಿರಬಹುದು, ಸಣ್ಣ ಊರುಗಳಲ್ಲಿ ಹಾಗಿರಲಾರದೆಂದು ಅನೇಕರು ಸಮಾಧಾನಪಟ್ಟುಕೊಂಡರು. ರೌಂಟ್ರಿಯವರಿಗೆ ಆ ಸಮಾಧಾನ ಸಾಲದಾಯಿತು. ತಮ್ಮ ಊರಿನ ಸಂಗತಿಯೇನೆಂದು ತಾವೇ ನೋಡಬೇಕೆಂದು ಅವರು ನಿಶ್ಚಯಿಸಿದರು.

1899ರಲ್ಲಿ ಯಾರ್ಕಿನ ಶ್ರಮಜೀವಿಗಳ ಒಂದೊಂದು ಮನೆಯ ಬಾಗಿಲಿಗೂ ಅವರ ಸಮೀಕ್ಷಕರು ಹೋದರು. 11,560 ಕುಟುಂಬಗಳ, 46,754 ಜನರ ವಿವರಗಳು ಸಂಗ್ರಹವಾದುವು. ಊರಿನ ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಪಾಲು ಈ ಲೆಕ್ಕದೊಳಗೆ ಬಂದಿತು. ಯಾರಿಗೆ ಏನು ಕೆಲಸ, ವಾರದ ಕೂಲಿಯೆಷ್ಟು, ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಮಕ್ಕಳು, ನೀರಿನ ನಲ್ಲಿಯನ್ನು ಎಷ್ಟು ಮನೆಗಳವರು ಹಂಚಿಕೊಂಡಿದ್ದಾರೆ ಎಂಬ ಚಿಕ್ಕ ಸಂಗತಿಗಳನ್ನೂ ಬಿಡದೆ ಬರೆದುಕೊಂಡರು.

ಬಳಿಕ ರೌಂಟ್ರಿಯವರು ರಸಾಯನಶಾಸ್ತ್ರಜ್ಞನ ಕಣ್ಣಿನಿಂದ ಒಂದು ಲೆಕ್ಕ ಹಾಕಿದರು. ಮನುಷ್ಯನ ದೇಹವು ಕೆಲಸ ಮಾಡುವಷ್ಟು ಶಕ್ತಿಯಲ್ಲಿರಬೇಕಾದರೆ ಎಷ್ಟು ಆಹಾರ ಬೇಕು, ಅದರ ಅತ್ಯಂತ ಕಡಿಮೆ ಬೆಲೆಯೆಷ್ಟು ಎಂದು ಕಂಡುಕೊಂಡರು. ತಂದೆ, ತಾಯಿ, ಮೂವರು ಮಕ್ಕಳಿರುವ ಕುಟುಂಬಕ್ಕೆ ವಾರಕ್ಕೆ ಆಹಾರಕ್ಕಾಗಿ 12 ಷಿಲ್ಲಿಂಗ್ 9 ಪೆನ್ಸ್, ಬಾಡಿಗೆಗೆ 4 ಷಿಲ್ಲಿಂಗ್, ಬಟ್ಟೆ, ಉರುವಲು, ದೀಪ ಮುಂತಾದವುಗಳಿಗೆ 4 ಷಿಲ್ಲಿಂಗ್ 11 ಪೆನ್ಸ್, ಒಟ್ಟು 21 ಷಿಲ್ಲಿಂಗ್ 8 ಪೆನ್ಸ್ ಬೇಕಾಗುತ್ತದೆಂದು ಆ ಲೆಕ್ಕ ಹೇಳಿತು. ಇದರಲ್ಲಿ ಪತ್ರಿಕೆಗೆ, ರೈಲು ಪ್ರಯಾಣಕ್ಕೆ, ಮಕ್ಕಳ ಆಟದ ಸಾಮಾನಿಗೆ ಒಂದು ಕಾಸೂ ಸೇರಿರಲಿಲ್ಲ. ಇಷ್ಟು ಬಿಗಿಯಾದ ಗೆರೆಯನ್ನು ಎಳೆದರೂ ಅದರ ಕೆಳಗೆ ಯಾರ್ಕಿನ ಜನರಲ್ಲಿ ನೂರಕ್ಕೆ ಸುಮಾರು 10 ಮಂದಿ ಇದ್ದರು. ವರಮಾನವು ಗೆರೆಯ ಮೇಲಿದ್ದರೂ ಒಂದಲ್ಲ ಒಂದು ಖರ್ಚಿನಿಂದ ಬಡತನಕ್ಕೆ ಇಳಿದವರು ಸುಮಾರು 18 ಮಂದಿ. ಎರಡನ್ನೂ ಸೇರಿಸಿದರೆ ನೂರಕ್ಕೆ 27.84. ಲಂಡನ್ನಿಗೂ ಯಾರ್ಕಿಗೂ ಹೆಚ್ಚಿನ ಅಂತರವಿರಲಿಲ್ಲ.

1901ರಲ್ಲಿ ಈ ಫಲಿತಾಂಶವು ಬಡತನವನ್ನು ಕುರಿತ ಗ್ರಂಥವಾಗಿ ಪ್ರಕಟವಾಯಿತು. ಬಡವನು ಬಡವನಾಗಿರುವುದು ಅವನ ಸೋಮಾರಿತನದಿಂದ, ಕುಡಿತದಿಂದ ಎಂದು ಸಲೀಸಾಗಿ ಹೇಳುತ್ತಿದ್ದ ಕಾಲವದು. ಗೆರೆಯ ಕೆಳಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಡತನಕ್ಕೆ ಕಾರಣವು ದುಡಿಮೆಯಿಲ್ಲದಿರುವುದಲ್ಲ. ಕಾಯಂ ಕೆಲಸವಿದ್ದೂ ಕೂಲಿ ಸಾಲದಿರುವುದು ಎಂದು ಗ್ರಂಥವು ತೋರಿಸಿತು. ಕುಶಲವಲ್ಲದ ಕೂಲಿಗಾರನ ವಾರದ ಕೂಲಿ ಯಾರ್ಕಿನಲ್ಲಿ ಸರಾಸರಿ 18ರಿಂದ 21 ಷಿಲ್ಲಿಂಗುಗಳಷ್ಟಿತ್ತು. ಬೇಕಾದುದು 21 ಷಿಲ್ಲಿಂಗ್ 8 ಪೆನ್ಸ್.

ಅದೇ ಗ್ರಂಥದಲ್ಲಿ ಅವರು ಇನ್ನೊಂದು ಸತ್ಯವನ್ನೂ ಎತ್ತಿ ತೋರಿಸಿದರು. ಕೂಲಿಕಾರನ ಬಾಳಿನಲ್ಲಿ ಬಡತನವು ಮೂರು ಸಲ ಬರುತ್ತದೆ. ಬಾಲ್ಯದಲ್ಲಿ ತಂದೆಯೊಬ್ಬನ ದುಡಿಮೆಯಲ್ಲಿ ಎಲ್ಲರೂ ಉಣ್ಣಬೇಕಾದಾಗ ಒಮ್ಮೆ. ಮದುವೆಯಾಗಿ ತನಗೇ ಎಳೆಯ ಮಕ್ಕಳಾದಾಗ ಇನ್ನೊಮ್ಮೆ. ಮಕ್ಕಳು ಬೇರೆಯಾಗಿ ತನ್ನ ಕೈ ಸೋತಾಗ ಮತ್ತೊಮ್ಮೆ. ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿಕಾರರ ಮನೆಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕು. ಈ ಲೆಕ್ಕವನ್ನು ಬರೆದವರು ಒಬ್ಬ ಹೊರಗಿನ ವಿದ್ವಾಂಸರಲ್ಲ. ಅದೇ ಊರಿನಲ್ಲಿ ಸಾವಿರಾರು ಜನರಿಗೆ ಕೂಲಿ ಕೊಡುತ್ತಿದ್ದ ಮಾಲೀಕರು. ಕೂಲಿಯೇ ಬಡತನದ ಮೂಲವೆಂದು ಅವರು ಬರೆದಾಗ ಆ ಬೆರಳು ತಮ್ಮ ಕಡೆಗೂ ತಿರುಗಿತ್ತು. ಗ್ರಂಥವನ್ನು ಬರೆದು ಕೀರ್ತಿ ಪಡೆದು ಸುಮ್ಮನಾಗುವ ಅವಕಾಶ ಅವರಿಗಿದ್ದಿತು. ಅವರು ಹಾಗೆ ಮಾಡಲಿಲ್ಲವೆಂಬುದೇ ಅವರ ಜೀವನದ ಹಿರಿಮೆ.

ತಂದೆಯೂ ಮಗನೂ ಕೂಡಿ ಕಾರ್ಖಾನೆಯಲ್ಲಿ ಒಂದೊಂದಾಗಿ ಸುಧಾರಣೆಗಳನ್ನು ತಂದರು. 1896ರಲ್ಲಿಯೇ ದಿನಕ್ಕೆ 8 ಗಂಟೆಗಳ ಕೆಲಸವು ಜಾರಿಗೆ ಬಂದಿದ್ದಿತು. ಕಾರ್ಖಾನೆಗೆ ವೈದ್ಯರೊಬ್ಬರನ್ನು ನೇಮಿಸಿದರು. ಎಳೆಯ ಕೆಲಸಗಾರರಿಗೆ ಶಿಕ್ಷಣದ ಏರ್ಪಾಡು ಮಾಡಿದರು. 1906ರಲ್ಲಿ ನಿವೃತ್ತಿ ವೇತನದ ಯೋಜನೆ ಬಂದಿತು. 1919ರಲ್ಲಿ ವಾರದ ಕೆಲಸವನ್ನು 44 ಗಂಟೆಗಳಿಗೆ ಇಳಿಸಿ, ಆಡಳಿತದವರೂ ಕೆಲಸಗಾರರ ಪ್ರತಿನಿಧಿಗಳೂ ಒಟ್ಟಿಗೆ ಕುಳಿತು ಮಾತನಾಡುವ ಕಾರ್ಖಾನೆ ಮಂಡಲಿಯನ್ನು ಸ್ಥಾಪಿಸಿದರು. 1923ರಲ್ಲಿ ಲಾಭದಲ್ಲಿ ಪಾಲು ಕೊಡುವ ಯೋಜನೆ ಮೊದಲಾಯಿತು.

ಆದರೆ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಆ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ ಕೆಲಸ ಮಾಡುತ್ತಿದ್ದರು. ಅವರಲ್ಲಿ ಕಾಯಿಲೆ ಬಿದ್ದವರನ್ನು, ಕಷ್ಟದಲ್ಲಿದ್ದವರನ್ನು ಕಂಡು ವಿಚಾರಿಸುವುದಕ್ಕಾಗಿ 1896ರಲ್ಲಿ ಶ್ರೀಮತಿ ವುಡ್ ಎಂಬ ಮಹಿಳೆಯನ್ನು ನೇಮಿಸಲಾಯಿತು. ಬ್ರಿಟನ್ನಿನ ಮೊದಮೊದಲ ಕಲ್ಯಾಣಾಧಿಕಾರಿಗಳಲ್ಲಿ ಅವರ ಹೆಸರು ಬರುತ್ತದೆ. ಬರಬರುತ್ತ ಇತರ ಕಾರ್ಖಾನೆಗಳೂ ಅಂತಹವರನ್ನು ನೇಮಿಸತೊಡಗಿದವು. ಹೆಚ್ಚಿನವರು ಹೆಂಗಸರು. ಅವರ ಸ್ಥಿತಿಯಾದರೋ ಬಹು ಇಕ್ಕಟ್ಟಿನದು. ಮಾಲೀಕನು ಅವರನ್ನು ದಯಾದಾನದ ಖರ್ಚೆಂದು ನೋಡಿದನು. ಮೇಲ್ವಿಚಾರಕನು ತನ್ನ ಅಧಿಕಾರಕ್ಕೆ ಅಡ್ಡ ಬಂದವರೆಂದು ನೋಡಿದನು. ಕೆಲಸಗಾರಳು ತನ್ನ ಮನೆಯ ಗುಟ್ಟನ್ನು ತಿಳಿಯಲು ಬಂದವರೆಂದು ಸಂದೇಹಪಟ್ಟಳು. ಅವರ ಕೆಲಸಕ್ಕೆ ಹೆಸರಿರಲಿಲ್ಲ, ಶಿಕ್ಷಣವಿರಲಿಲ್ಲ, ಕಷ್ಟಸುಖ ಹೇಳಿಕೊಳ್ಳಲು ಜೊತೆಯವರಿರಲಿಲ್ಲ.

ಈ ಕೊರತೆಯನ್ನು ರೌಂಟ್ರಿಯವರು ಮನಗಂಡರು. 1913ರ ಜೂನ್ ತಿಂಗಳಲ್ಲಿ ಅವರ ಪ್ರಯತ್ನದಿಂದ ಯಾರ್ಕಿನಲ್ಲಿ ಉದ್ಯಮಿಗಳ ಮತ್ತು ಕಲ್ಯಾಣ ಕಾರ್ಯಕರ್ತರ ಸಮ್ಮೇಳನವೊಂದು ಸೇರಿತು. ಅಲ್ಲಿಯೇ ಕಲ್ಯಾಣ ಕಾರ್ಯಕರ್ತರ ಸಂಘವು ಹುಟ್ಟಿತು. ಶ್ರೀಮತಿ ವುಡ್ ಅವರೇ ಅದರ ಮೊದಲ ಅಧ್ಯಕ್ಷಿಣಿಯಾದರು. ಕೆಲವೇ ಮಂದಿಯ ಒಂದು ಚಿಕ್ಕ ಕೂಟವದು. ಇಂದು ಜಗತ್ತಿನಾದ್ಯಂತ ಸಿಬ್ಬಂದಿ ನಿರ್ವಹಣೆಯಲ್ಲಿ ಅರ್ಹತಾಪತ್ರ ನೀಡುವ ಸಂಸ್ಥೆಗಳಿಗೆಲ್ಲ ಹಿರಿಯಕ್ಕನೆನ್ನಬಹುದಾದ ಸಂಸ್ಥೆಯು ಆ ದಿನ ಕಣ್ಣು ತೆರೆಯಿತು.

ಮರುವರ್ಷವೇ ಮಹಾಯುದ್ಧವು ಆರಂಭವಾಯಿತು. ಗಂಡಸರು ರಣರಂಗಕ್ಕೆ ಹೋಗಲು, ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಲಕ್ಷಗಟ್ಟಲೆ ಬಂದರು. ರಾತ್ರಿಪಾಳಿ, ವಿಷದ ಹುಡಿ, ಊಟಕ್ಕೆ ಸ್ಥಳವಿಲ್ಲದ ದುಃಸ್ಥಿತಿ. ಶಸ್ತ್ರಾಸ್ತ್ರ ಖಾತೆಯ ಮಂತ್ರಿಗಳಾಗಿದ್ದ ಲಾಯ್ಡ್ ಜಾರ್ಜರು 1916ರಲ್ಲಿ ರೌಂಟ್ರಿಯವರನ್ನು ಆ ಖಾತೆಯ ಕಲ್ಯಾಣ ವಿಭಾಗದ ನಿರ್ದೇಶಕರಾಗಿ ಮಾಡಿದರು. ಯುದ್ಧವನ್ನು ಒಪ್ಪದ ಪಂಥದಲ್ಲಿ ಹುಟ್ಟಿದವರು ಯುದ್ಧದ ಕಾರ್ಖಾನೆಗಳ ಕೆಲಸವನ್ನು ವಹಿಸಿಕೊಂಡುದು ಸಣ್ಣ ಸಂಗತಿಯಲ್ಲ. ಅಲ್ಲಿ ಬಳಲುತ್ತಿದ್ದವರ ಆರೋಗ್ಯವೇ ಅವರ ಗಮನವನ್ನು ಸೆಳೆಯಿತು. ಊಟದ ಮನೆ, ವಿಶ್ರಾಂತಿಯ ಕೋಣೆ, ತೊಳೆದುಕೊಳ್ಳಲು ನೀರು, ಪ್ರಥಮ ಚಿಕಿತ್ಸೆ ಇವುಗಳು ದಯೆಯ ದಾನವಲ್ಲ, ಕೆಲಸದ ಭಾಗವೇ ಎಂಬ ತಿಳಿವಳಿಕೆಯು ಆ ಕಾಲದಲ್ಲಿ ನೆಲೆಗೊಂಡಿತು. ನೂರಾರು ಮಂದಿ ಕಲ್ಯಾಣ ಮೇಲ್ವಿಚಾರಕಿಯರು ನೇಮಕಗೊಂಡರು.

ಆದರೆ ಅವಸರದ ನೇಮಕದಲ್ಲಿ ದೋಷವೂ ಬೆರೆಯಿತು. ಸಾಕಷ್ಟು ಶಿಕ್ಷಣವಿಲ್ಲದವರು, ಕೂಲಿಕಾರಳ ನಡೆನುಡಿಗೆ ಕಾವಲು ನಿಲ್ಲುವುದೇ ಕಲ್ಯಾಣವೆಂದು ತಿಳಿದವರು ಆ ಸ್ಥಾನಗಳಿಗೆ ಬಂದರು. ಕಾರ್ಮಿಕ ಸಂಘಗಳು ಅವರನ್ನು ಮಾಲೀಕನ ಬೇಹುಗಾರರೆಂದು ದೂರಿದವು. ಸಂಘದ ಸದಸ್ಯರಾಗಲು ಇಂತಿಷ್ಟು ಅಭ್ಯಾಸ, ಇಂತಿಷ್ಟು ಅನುಭವ ಬೇಕೆಂಬ ಕಟ್ಟುಪಾಡು ಎಷ್ಟು ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಯಿತು. ಒಳ್ಳೆಯ ಮನಸ್ಸೊಂದೇ ಸಾಲದು. ಕಾನೂನು, ಕೂಲಿಯ ಲೆಕ್ಕ, ಆರೋಗ್ಯ, ಮನಶ್ಶಾಸ್ತ್ರ ಇವುಗಳನ್ನು ಕಲಿತಿರಬೇಕು. ಕಲಿತುದನ್ನು ಇತರರು ಪರೀಕ್ಷಿಸಬೇಕು. ತಪ್ಪಿ ನಡೆದರೆ ಕೇಳುವವರಿರಬೇಕು. ಅರ್ಹತಾಪತ್ರ ನೀಡುವ ವೃತ್ತಿಸಂಸ್ಥೆಯ ಅರ್ಥವೇ ಇದು.

ಯುದ್ಧಾನಂತರ ರೌಂಟ್ರಿಯವರು ಈ ವಿದ್ಯೆಯನ್ನು ಬೆಳೆಸುವುದರಲ್ಲಿ ತೊಡಗಿದರು. 1918ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದುಡಿಯುವವನ ಮಾನವೀಯ ಅಗತ್ಯಗಳನ್ನು ಲೆಕ್ಕಹಾಕಿ ಕನಿಷ್ಠ ಕೂಲಿ ಎಷ್ಟಿರಬೇಕೆಂಬುದನ್ನೂ, 1921ರ ಗ್ರಂಥದಲ್ಲಿ ಉದ್ಯಮದಲ್ಲಿ ಮನುಷ್ಯನ ಸ್ಥಾನವೇನೆಂಬುದನ್ನೂ ವಿವರಿಸಿದರು. ಆಕ್ಸ್‌ಫರ್ಡಿನಲ್ಲಿ ಮೇಲ್ವಿಚಾರಕರಿಗೂ ವ್ಯವಸ್ಥಾಪಕರಿಗೂ ಉಪನ್ಯಾಸ ಸಮ್ಮೇಳನಗಳನ್ನು ನಡೆಸಿದರು. 1922ರಲ್ಲಿ ತಮ್ಮ ಕಾರ್ಖಾನೆಗೆ ಮನಶ್ಶಾಸ್ತ್ರಜ್ಞರೊಬ್ಬರನ್ನು ನೇಮಿಸಿ, ಯಾರಿಗೆ ಯಾವ ಕೆಲಸ ಒಗ್ಗುವುದೆಂದು ಶಾಸ್ತ್ರೀಯವಾಗಿ ನೋಡುವ ಕ್ರಮವನ್ನು ತಂದರು. 1923ರಿಂದ 1941ರವರೆಗೆ ಅವರು ಕಂಪನಿಯ ಅಧ್ಯಕ್ಷರಾಗಿದ್ದರು. 1931ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಕಂಪ್ಯಾನಿಯನ್ ಆಫ್ ಆನರ್ ಎಂಬ ಗೌರವವನ್ನಿತ್ತಿತು.

ಅವರ ಬಾಳಿನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಮದುವೆಯಾದ ಹೆಣ್ಣು ಕೆಲಸ ಬಿಡಬೇಕೆಂಬ ಅಂದಿನ ಪದ್ಧತಿ ಅವರ ಕಾರ್ಖಾನೆಯಲ್ಲಿಯೂ ಇದ್ದಿತು. ಕೆಲಸಗಾರರಿಗೆ ಯಾವುದು ಹಿತವೆಂಬುದನ್ನು ಬಹುಮಟ್ಟಿಗೆ ಮಾಲೀಕರೇ ನಿರ್ಧರಿಸಿದರು. ತಂದೆಯು ಮಕ್ಕಳನ್ನು ನೋಡುವಂತೆ ನೋಡಿದರು ಎಂದು ಆಕ್ಷೇಪಿಸುವವರೂ ಇದ್ದಾರೆ. ಆ ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ಕೆಲಸಗಾರರ ಪ್ರತಿನಿಧಿಗಳನ್ನು ಮಂಡಲಿಯಲ್ಲಿ ಎದುರಿಗೆ ಕುಳ್ಳಿರಿಸಿಕೊಂಡು ಅವರ ಮಾತನ್ನು ಕೇಳಿದ ಮಾಲೀಕರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನೂ ನಾವು ತೂಗಿ ನೋಡಬೇಕು.

ಜೀವಮಾನದ ಸಂಜೆಯಲ್ಲಿಯೂ ಅವರು ಹಳೆಯ ಲೆಕ್ಕವನ್ನು ಮರೆಯಲಿಲ್ಲ. 1936ರಲ್ಲಿ ಎರಡನೆಯ ಸಲ, 1950ರಲ್ಲಿ ಮೂರನೆಯ ಸಲ ಯಾರ್ಕಿನ ಬಡತನವನ್ನು ಅಳೆದರು. ಮೊದಲ ಸಮೀಕ್ಷೆಯಲ್ಲಿ ಕಡಿಮೆ ಕೂಲಿಯೇ ಬಡತನದ ಮುಖ್ಯ ಕಾರಣವಾಗಿದ್ದರೆ, ಕೊನೆಯದರಲ್ಲಿ ವೃದ್ಧಾಪ್ಯವು ಆ ಸ್ಥಾನಕ್ಕೆ ಬಂದಿತ್ತು. ನಡುವಿನ ಅರ್ಧ ಶತಮಾನದಲ್ಲಿ ಸಾಮಾಜಿಕ ವಿಮೆ, ಮಕ್ಕಳ ಭತ್ಯ ಮೊದಲಾದುವುಗಳಿಗೆ ಆಧಾರವಾದ ಬೆವರಿಜ್ ವರದಿಯು 1942ರಲ್ಲಿ ಹೊರಬಂದಿತ್ತು. ಕನಿಷ್ಠ ಅಗತ್ಯಗಳ ಲೆಕ್ಕದಲ್ಲಿ ಬೆವರಿಜರು ರೌಂಟ್ರಿಯವರ ನೆರವನ್ನು ಪಡೆದಿದ್ದರು. 1954ನೆಯ ಇಸವಿ ಅಕ್ಟೋಬರ್ 7ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ರೌಂಟ್ರಿಯವರು ಕಾಲವಾದರು.

ಅವರು ನೆಟ್ಟ ಸಂಘದ ಸಸಿಯು ಏನಾಯಿತು? ಅದು ಬೆಳೆಯುತ್ತ ಹೋದಂತೆ ಹೆಸರನ್ನು ಬದಲಾಯಿಸುತ್ತ ಹೋಯಿತು. 1924ರಲ್ಲಿ ಕೈಗಾರಿಕಾ ಕಲ್ಯಾಣ ಕಾರ್ಯಕರ್ತರ ಸಂಸ್ಥೆ; 1931ರಲ್ಲಿ ಕಾರ್ಮಿಕ ನಿರ್ವಹಣಾ ಸಂಸ್ಥೆ; 1946ರಲ್ಲಿ ಸಿಬ್ಬಂದಿ ನಿರ್ವಹಣಾ ಸಂಸ್ಥೆ; 1994ರಲ್ಲಿ ತರಬೇತಿಯ ಸಂಸ್ಥೆಯೊಡನೆ ಕೂಡಿಕೊಂಡು ಸಿಬ್ಬಂದಿ ಮತ್ತು ಅಭಿವೃದ್ಧಿ ಸಂಸ್ಥೆ. 2000ದಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಅಮೆರಿಕದಲ್ಲಿಯೂ 1948ರಲ್ಲಿ ಇಂತಹದೇ ಸಂಸ್ಥೆ ಹುಟ್ಟಿ, 1976ರಲ್ಲಿ ಪ್ರಮಾಣಪತ್ರದ ಪರೀಕ್ಷೆಗಳು ಮೊದಲಾದುವು. ಯಾರ್ಕಿನ ಸಂಘದ ಹೆಸರುಗಳ ಈ ಸಾಲನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. 1931ರಲ್ಲಿ ಕಲ್ಯಾಣವೆಂಬ ಪದವು ಹೆಸರಿನಿಂದ ಇಳಿದುಹೋಯಿತು; ನಿರ್ವಹಣೆಯೆಂಬ ಪದವು ಏರಿ ಕುಳಿತಿತು. ಹೆಂಗಸರ ಪರೋಪಕಾರವೆಂದು ಹಗುರವಾಗಿ ಕಾಣುತ್ತಿದ್ದ ಕೆಲಸಕ್ಕೆ ಗೌರವ ಬಂದಿತು, ಗಂಡಸರೂ ಹೆಚ್ಚು ಹೆಚ್ಚಾಗಿ ಬಂದರು. ಆದರೆ ಗೌರವದ ಜೊತೆಗೆ, ಈ ವೃತ್ತಿಯು ಯಾರ ಕಡೆಯದು ಎಂಬ ಹಳೆಯ ಪ್ರಶ್ನೆಯು ಇನ್ನಷ್ಟು ಗಡುಸಾಯಿತು.

ಈ ವಿಚಾರವು ನಮ್ಮ ದೇಶಕ್ಕೆ ಬಂದ ದಾರಿಯೂ ಸ್ವಾರಸ್ಯವಾದುದು. ಮಾಲೀಕರೂ ಕೆಲಸಗಾರರೂ ಜಂಟಿ ಮಂಡಲಿಗಳಲ್ಲಿ ಕುಳಿತು ಮಾತನಾಡಬೇಕೆಂದು 1917ರಲ್ಲಿ ಬ್ರಿಟನ್ನಿನಲ್ಲಿ ಸಲಹೆಯಿತ್ತ ಸಮಿತಿಯ ಅಧ್ಯಕ್ಷರು ಜೆ. ಎಚ್. ವ್ಹಿಟ್ಲಿಯವರು. ಅವರೇ 1929ರಿಂದ 1931ರವರೆಗೆ ಭಾರತದ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿದ ರಾಯಲ್ ಆಯೋಗದ ಅಧ್ಯಕ್ಷರಾಗಿ ಇಲ್ಲಿಗೆ ಬಂದರು. ಅಂದು ನಮ್ಮ ಗಿರಣಿಗಳಲ್ಲಿ ಕೆಲಸಗಾರನ ಭವಿಷ್ಯವು ಮುಕಾದಮನ, ಮೇಸ್ತ್ರಿಯ ಮುಷ್ಟಿಯಲ್ಲಿದ್ದಿತು. ಕೆಲಸಕ್ಕೆ ಸೇರಬೇಕಾದರೆ ಅವನಿಗೆ ಲಂಚ, ರಜೆಯಿಂದ ಹಿಂತಿರುಗಿದರೆ ಮತ್ತೆ ಲಂಚ, ಸಾಲಕ್ಕೂ ಅವನದೇ ಬಾಗಿಲು. ಇದನ್ನು ಕಂಡ ಆಯೋಗವು, ಆಳುಗಳನ್ನು ನೇಮಿಸುವ ಅಧಿಕಾರವನ್ನು ಮುಕಾದಮನಿಂದ ಕಿತ್ತು ಪ್ರಾಮಾಣಿಕನಾದ, ವಿದ್ಯಾವಂತನಾದ ಕಾರ್ಮಿಕ ಅಧಿಕಾರಿಗೆ ಕೊಡಬೇಕೆಂದು ಸಲಹೆಯಿತ್ತಿತು.

ಅಂತಹ ಅಧಿಕಾರಿಗಳು ಎಲ್ಲಿಂದ ಬರಬೇಕು? 1936ರಲ್ಲಿ ಮುಂಬಯಿಯಲ್ಲಿ ಸರ್ ದೋರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯದ ಶಾಲೆಯು ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಕಾರ್ಖಾನೆಗಳ ಕಾಯಿದೆಯು 500 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಕಾರ್ಖಾನೆಯೂ ಕಲ್ಯಾಣಾಧಿಕಾರಿಯನ್ನು ನೇಮಿಸತಕ್ಕದ್ದೆಂದೂ, ಅವರ ಅರ್ಹತೆಯನ್ನು ರಾಜ್ಯ ಸರ್ಕಾರಗಳು ಗೊತ್ತುಪಡಿಸಬೇಕೆಂದೂ ವಿಧಿಸಿತು. 1955ರ ಗಣಿ ನಿಯಮಗಳು ಗಣಿಗಳಿಗೂ ಅದೇ ಕಟ್ಟಳೆಯನ್ನು ತಂದವು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ನಮ್ಮ ನೆರೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂತಹ ಸ್ಥಳಗಳಲ್ಲಿ ಇಂತಹ ಅಧಿಕಾರಿಯ ಹುದ್ದೆಯು ಇರಬೇಕೆಂಬುದು ಹೀಗೆ ಕಾನೂನಿನ ಮಾತಾಯಿತು.

ವೃತ್ತಿಯವರ ಸಂಘಗಳೂ ಅದೇ ಕಾಲದಲ್ಲಿ ತಲೆಯೆತ್ತಿದುವು. ಕಲ್ಕತ್ತೆಯಲ್ಲಿ ಭಾರತೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆ, ಮುಂಬಯಿಯಲ್ಲಿ ರಾಷ್ಟ್ರೀಯ ಕಾರ್ಮಿಕ ನಿರ್ವಹಣಾ ಸಂಸ್ಥೆ ಎಂಬ ಎರಡು ಸಂಘಗಳು ಬೇರೆಬೇರೆಯಾಗಿ ನಡೆದು, 1980ರಲ್ಲಿ ಒಂದಾಗಿ ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆಯೆನಿಸಿದುವು. ಅದರ ಕೇಂದ್ರವು ಕಲ್ಕತ್ತೆಯಲ್ಲಿದೆ. ಸಿಬ್ಬಂದಿ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಪರೀಕ್ಷೆಯನ್ನು ಅದು ನಡೆಸುತ್ತ ಬಂದಿದೆ. ತರಬೇತಿಯ ವಿದ್ಯೆಗೆ 1970ರಲ್ಲಿ ಸ್ಥಾಪಿತವಾದ ಭಾರತೀಯ ತರಬೇತಿ ಮತ್ತು ಅಭಿವೃದ್ಧಿ ಸಂಘವೂ ಡಿಪ್ಲೊಮಾ ಕೊಡುತ್ತದೆ.

ಆದರೆ ಈ ಸಂಘಗಳಿಗೂ ವೈದ್ಯರ ವಕೀಲರ ಮಂಡಲಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸನ್ನದಿಲ್ಲದವನು ನ್ಯಾಯಾಲಯದಲ್ಲಿ ವಾದಿಸಲಾರನು. ಆದರೆ ಸಿಬ್ಬಂದಿ ವಿಭಾಗದ ಕುರ್ಚಿಯಲ್ಲಿ, ಕಾನೂನು ಅರ್ಹತೆಯನ್ನು ಗೊತ್ತುಪಡಿಸಿದ ಹುದ್ದೆಯೊಂದನ್ನು ಬಿಟ್ಟರೆ, ಮಾಲೀಕನು ಯಾರನ್ನು ಬೇಕಾದರೂ ಕುಳ್ಳಿರಿಸಬಹುದು. ಬಾಗಿಲು ಮುಚ್ಚುವ ಅಧಿಕಾರವು ಈ ಸಂಘಗಳಿಗಿಲ್ಲ. ಆದುದರಿಂದ ಅವು ಕೊಡುವ ಪತ್ರದ ಬೆಲೆಯು ಆ ಪತ್ರ ಹಿಡಿದವರ ನಡತೆಯಿಂದಲೇ ನಿರ್ಧಾರವಾಗಬೇಕು. ಕಲ್ಯಾಣಾಧಿಕಾರಿಯು ಕೆಲಸಗಾರರ ಮೇಲಿನ ಶಿಸ್ತಿನ ವಿಚಾರಣೆಯನ್ನು ನಡೆಸಬಾರದು, ಅವರಿಗೆ ವಿರೋಧವಾಗಿ ಮಾಲೀಕನ ಪರ ನ್ಯಾಯಾಲಯದಲ್ಲಿ ನಿಲ್ಲಬಾರದು ಎಂದು ಹಲವು ರಾಜ್ಯಗಳು ನಿಯಮ ಮಾಡಿದುದು ಇದೇ ಕಾರಣಕ್ಕೆ. ಸಂಬಳವನ್ನು ಒಬ್ಬರಿಂದ ಪಡೆದು ನ್ಯಾಯವನ್ನು ಇಬ್ಬರಿಗೂ ಸಲ್ಲಿಸುವುದು ಕಷ್ಟದ ಕೆಲಸ. ಅದು ಕಷ್ಟವೆಂಬುದರಿಂದಲೇ ಅದಕ್ಕೊಂದು ವೃತ್ತಿಸಂಘದ ಬೆಂಬಲ ಬೇಕು.

ಮುಕಾದಮನು ಹೋದನೆಂದು ನಾವು ತಿಳಿದಿದ್ದೇವೆ. ಆದರೆ ಗುತ್ತಿಗೆದಾರನ ರೂಪದಲ್ಲಿ ಅವನು ಅನೇಕ ಕಡೆ ಹಿಂತಿರುಗಿದ್ದಾನೆ. ಗುತ್ತಿಗೆಯ ಕೂಲಿಕಾರನ ಹೆಸರು ಎಷ್ಟೋ ಸಲ ಕಾರ್ಖಾನೆಯ ಸಿಬ್ಬಂದಿ ಪಟ್ಟಿಯಲ್ಲಿಯೇ ಇರುವುದಿಲ್ಲ. ಕಲ್ಯಾಣಾಧಿಕಾರಿಯ ಬಾಗಿಲು ಅವನಿಗೆ ಕಾಣಿಸುವುದೂ ಇಲ್ಲ. ರೌಂಟ್ರಿಯವರು ಇಂದು ಇದ್ದಿದ್ದರೆ ಮೊದಲು ಆ ಪಟ್ಟಿಯ ಹೊರಗಿನವರನ್ನು ಎಣಿಸುತ್ತಿದ್ದರೆಂದು ಅವರ ಜೀವನವನ್ನು ಬಲ್ಲವರು ಧೈರ್ಯವಾಗಿ ಹೇಳಬಹುದು.

ಅವರ ಬಾಳಿನಿಂದ ನಾವು ಕಲಿಯತಕ್ಕ ಪಾಠವು ಈ ಕ್ರಮದಲ್ಲಿದೆ. ಅವರು ಮೊದಲು ಕೂಲಿಕಾರನ ಮನೆಯ ಬಾಗಿಲಿಗೆ ಹೋದರು. ಆ ಮೇಲೆ ಲೆಕ್ಕ ಬರೆದರು. ಆ ಮೇಲೆ ತಮ್ಮ ಕಾರ್ಖಾನೆಯನ್ನು ತಿದ್ದಿದರು. ಎಲ್ಲಕ್ಕೂ ಕೊನೆಗೆ ಸಂಘವನ್ನು ಕಟ್ಟಿದರು. ಪ್ರಮಾಣಪತ್ರವು ಬಂದುದು ಅನುಕಂಪಕ್ಕೂ ಅಧ್ಯಯನಕ್ಕೂ ಹಿಂದಿನಿಂದ. ಇಂದು ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಪತ್ರವನ್ನು ಪಡೆದು, ಕೆಲಸಗಾರನ ಮನೆಯನ್ನು ಎಂದೂ ನೋಡದೆಯೇ ವೃತ್ತಿಯನ್ನು ಮುಗಿಸಬಹುದು. ಆದರೆ ಅರಕೇರಾ, ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ಆ ಮನೆಯು ಹೊಸದೇನೂ ಅಲ್ಲ. ವಾರದ ಕೂಲಿಯಲ್ಲಿ ಜೋಳಕ್ಕೆಷ್ಟು, ಎಣ್ಣೆಗೆಷ್ಟು, ಸಾಲಕ್ಕೆಷ್ಟು ಎಂಬ ಲೆಕ್ಕವನ್ನು ನಾವು ಯಾವ ಸಮೀಕ್ಷೆಯೂ ಇಲ್ಲದೆ ಬಲ್ಲೆವು. ರೌಂಟ್ರಿಯವರು ಬಹು ಶ್ರಮದಿಂದ ಸಂಪಾದಿಸಿದ ಆ ಅರಿವು ನಮಗೆ ಹುಟ್ಟಿನಿಂದಲೇ ಬಂದಿದೆ. ನಮ್ಮಲ್ಲಿ ಯಾರಾದರೂ ನಾಳೆ ಡಿಪ್ಲೊಮಾ ಪಡೆದು ಆ ಮೇಜಿನ ಆಚೆಗೆ ಕುಳಿತುಕೊಂಡರೆ, ಆ ಲೆಕ್ಕವನ್ನು ಮರೆಯದಿರಲಿ.